ಹಪ್ಪಳದ ಚಾಪೆಯಲ್ಲಿ ಒಂದು ಹಲಗೆ

ಮೊನ್ನೆ ಬೆಳಿಗ್ಗೆ ಟೆರೇಸಿಗೆ ಹೋದಾಗ ಹಲಸಿನ ಹಪ್ಪಳದ ವಾಸನೆ ಮೊದಲು ಬಂತು, ಹಪ್ಪಳ ಆಮೇಲೆ ಕಂಡಿತು. ಹೆಂಡತಿ ಹಳೆಯ ಚಾಪೆ ಹಾಸಿ ನಾಲ್ಕು ಸಾಲು ಹರಡಿದ್ದಳು. ಕೊನೆಯ ಸಾಲಿನ ತುದಿಯಲ್ಲಿ, ಹಪ್ಪಳಗಳಷ್ಟೇ ಶಿಸ್ತಿನಿಂದ, ಬಿಸಿಲಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ಅಂಗೈಯಗಲದ ಒಂದು ಸಾಧನ ಮಲಗಿತ್ತು. ಮಗಳು ತಂದುಕೊಟ್ಟದ್ದು.

"ಮಧ್ಯಾಹ್ನ ಎಲ್ಲವನ್ನೂ ಮಗುಚಿ ಹಾಕ್ಲಿಕ್ಕೆ ಮರೀಬೇಡಿ" ಎಂದು ಹೆಂಡತಿ ಕೆಳಗಿನಿಂದ ಕೂಗಿದಳು.

ನಾನು ನಿಂತಲ್ಲೇ ನಿಂತೆ. ಈ ಎರಡು ವಸ್ತುಗಳನ್ನು ಒಂದೇ ಚಾಪೆಯಲ್ಲಿ ನಾನು ನೋಡುತ್ತಿರುವುದು ಇದು ಎರಡನೆಯ ಸಲ. ಮೊದಲನೆಯ ಸಲ ನಡೆದದ್ದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನನ್ನ ಪರವಾಗಿ ಏನನ್ನೂ ಸೇರಿಸದೆ ಹೇಳಲು ಪ್ರಯತ್ನಿಸುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಂಗಳೂರಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್. ಉರ್ವದಲ್ಲಿ ನನ್ನ ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಮ್ಮನಿಗೆ ಒಬ್ಬನೇ ತಮ್ಮ, ಸದಾನಂದ ಮಾವ. ಗಲ್ಫಿನಲ್ಲಿ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಅಕ್ಕ ತಮ್ಮ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಜ್ಜಿ ತೀರಿಕೊಂಡಾಗ ಮಾವನಿಗೆ ರಜೆ ಸಿಗಲಿಲ್ಲ. ಉತ್ತರಕ್ರಿಯೆ ಕಳೆದು ಬೊಜ್ಜದ ಊಟವೂ ಮುಗಿದ ಮರುದಿನ, ಪೆಟ್ಟಿಗೆ ಹಿಡಿದು ಅಂಗಳಕ್ಕೆ ಬಂದರು. ದೊಡ್ಡಮ್ಮ ನೆಂಟರೆಲ್ಲರ ಎದುರು ಒಂದೇ ಮಾತು ಕೇಳಿದರು: "ಇನ್ನು ನಿನಗೆ ಇಲ್ಲಿ ಯಾರಿದ್ದಾರೆ?" ಮಾವ ಚಪ್ಪಲಿ ಬಿಚ್ಚಿರಲಿಲ್ಲ. ಹಾಗೆಯೇ ತಿರುಗಿ ಹೋದರು. ಆಗ ನಾನು ಕಂಬದ ಪಕ್ಕದಲ್ಲಿ ನಿಂತಿದ್ದೆ. ಅವರ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ.

ನಾಲ್ಕು ವರ್ಷದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಉಳ್ಳಾಲದ ಹಮೀದ್ ಎಂಬವರು ಒಂದು ಪೊಟ್ಟಣ ತಂದುಕೊಟ್ಟರು. ಮಾವನ ಜೊತೆ ಅದೇ ಹೋಟೆಲಿನಲ್ಲಿದ್ದವರು. ಪೊಟ್ಟಣದಲ್ಲಿ ಸಣ್ಣ ಟೇಪ್‌ರೆಕಾರ್ಡರ್, ಅದರೊಳಗೆ ಒಂದು ಕ್ಯಾಸೆಟ್. ಗಲ್ಫಿನ ಜನ ಆಗ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಮಾವ ಹೆಚ್ಚು ಮಾತಾಡಿರಲಿಲ್ಲ.

"ಅಕ್ಕಾ, ನೀನು ಅಂದು ಕೇಳಿದ್ದಿಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀನೇ ಹೇಳು. ಇದರ ಇನ್ನೊಂದು ಬದಿ ಖಾಲಿ ಉಂಟು."

ದೊಡ್ಡಮ್ಮ ಅದನ್ನು ಮತ್ತೆ ಮತ್ತೆ ಕೇಳಿದರು. ಮೂರನೆಯ ದಿನ ಸೆಲ್ಲು ಮುಗಿದು ಮಾವನ ಸ್ವರ ನಿಂತುಹೋಯಿತು. ದೊಡ್ಡಮ್ಮನಿಗೆ ರುಜು ಹಾಕುವಷ್ಟೇ ಅಕ್ಷರ ಬರುತ್ತಿತ್ತು. ನಾಲ್ಕು ವರ್ಷ ಅವರು ಕಾಗದ ಬರೆಸದೆ ಇದ್ದದ್ದು ಸಿಟ್ಟಿನಿಂದ ಎಂದು ನಾನು ತಿಳಿದಿದ್ದೆ. ಅಂದು ಅವರೇ ಹೇಳಿದರು: "ಇನ್ನೊಬ್ಬರ ಕೈಯಲ್ಲಿ ಬರೆಸುವ ಮಾತಲ್ಲ ಅದು. ಇದರಲ್ಲಾದರೆ ನಾನೇ ಹೇಳಬಹುದು. ನೀನು ಸೆಲ್ಲಿನದ್ದು ಸರಿ ಮಾಡು."

ಸೆಲ್ಲಿನದ್ದು ಸರಿ ಮಾಡಲು ಐದು ನಿಮಿಷ ಸಾಕಿತ್ತು. ಉರ್ವದ ಮಾರ್ಕೆಟಿನಲ್ಲಿ ಯಾವ ಅಂಗಡಿಯಲ್ಲಿಯೂ ಸೆಲ್ಲು ಸಿಗುತ್ತಿತ್ತು. ಆದರೆ ಮಾವ ಕಳಿಸಿದ್ದು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಾಲ್ಕು ಸೆಲ್ಲು. ಚಾರ್ಜರ್ ಕಳಿಸಲು ಮರೆತಿದ್ದರು. ಮತ್ತು ನನ್ನ ಮೇಜಿನ ಖಾನೆಯಲ್ಲಿ, ಹತ್ತಿಯ ನಡುವೆ, ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಗೆಳೆಯ ತಂದುಕೊಟ್ಟ ಹದಿನಾಲ್ಕು ಸೋಲಾರ್ ತುಂಡುಗಳಿದ್ದವು. ಅಂಚು ಮುಕ್ಕಾಗಿ ಎಸೆದಂಥವು. ಉಸಿರು ಜೋರಾಗಿ ಬಿಟ್ಟರೆ ಒಡೆಯುವಷ್ಟು ತೆಳು. ಒಂದು ತುಂಡು ಬಿಸಿಲಿಗೆ ಅರ್ಧ ವೋಲ್ಟು ಕೊಡುತ್ತದೆ. ಒಂದರ ಬೆನ್ನಿನಿಂದ ಮುಂದಿನದರ ಮುಖಕ್ಕೆ ತಂತಿ ಬೆಸೆಯುತ್ತ ಹೋದರೆ ಏಳು ವೋಲ್ಟು. ಈ ಲೆಕ್ಕವನ್ನು ನಾನು ಹುಡುಗರಿಗೆ ಕರಿಹಲಗೆಯ ಮೇಲೆ ಎಷ್ಟೋ ಸಲ ಮಾಡಿ ತೋರಿಸಿದ್ದೆ. ಒಮ್ಮೆಯೂ ಕೈಯಿಂದ ಮಾಡಿರಲಿಲ್ಲ.

ಎರಡು ಸಂಜೆ ಕೂತು ಬೆಸೆದೆ. ಮೂರು ತುಂಡು ಒಡೆದು, ಒಡಕನ್ನೇ ಸೇರಿಸಿ ಬೆಸೆದೆ. ಕೆಳಗೆ ಹಲಗೆ, ಮೇಲೆ ಹಳೆಯ ಫೋಟೊದ ಗಾಜು, ಸುತ್ತ ಮೇಣ. ಬಿಸಿಲು ಇಳಿದ ಮೇಲೆ ಸೆಲ್ಲಿನ ಕರೆಂಟು ತಿರುಗಿ ಹಲಗೆಗೆ ಹರಿಯಬಾರದೆಂದು ನಡುವೆ ಒಂದು ಡಯೋಡು. ಆ ಗಾಜು ಯಾರ ಫೋಟೊದ್ದು ಎಂದು ದೊಡ್ಡಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನ್ನ ಪದವಿ ಪ್ರದಾನದ ಫೋಟೊ. ಮನೆಗೆ ಬಂದವರಿಗೆಲ್ಲ ನಾನು ಹಲಗೆ ತೋರಿಸಿದೆ. ಹಮೀದರಿಗೂ ತೋರಿಸಿದೆ.

"ಇದಕ್ಕೆ ಕರೆಂಟೇ ಬೇಡವಾ?" ಎಂದರು ಅವರು.

"ಬೇಡ. ಬಿಸಿಲು ಸಾಕು."

"ಹಾಗಾದ್ರೆ ನೀವು ಗಲ್ಫಿಗೆ ಬರಬೇಕು ಮಾರಾಯ್ರೆ. ಅಲ್ಲಿ ಬಿಸಿಲು ಬಿಟ್ಟು ಬೇರೆ ಎಂತ ಇಲ್ಲ!"

ಭಾನುವಾರ ಸಂಜೆ ಆರಕ್ಕೆ ಕ್ಯಾಸೆಟ್ ತೆಗೆದುಕೊಂಡು ಅವರು ಬೊಂಬಾಯಿಯ ಬಸ್ಸು ಹತ್ತುವವರಿದ್ದರು. ನನ್ನ ಲೆಕ್ಕದ ಪ್ರಕಾರ ಶನಿವಾರ ಭಾನುವಾರ ಎರಡು ದಿನದ ಬಿಸಿಲು ಸಾಕಾಗಿತ್ತು. ನಮ್ಮ ಅಂಗಳದಲ್ಲಿ ಇಡೀ ದಿನ ಬಿಸಿಲು ಬೀಳುವ ಜಾಗ ಒಂದೇ. ಅಲ್ಲಿ ದೊಡ್ಡಮ್ಮನ ಹಪ್ಪಳದ ಚಾಪೆ. ನಾನು ಕೇಳಿಕೊಂಡ ಮೇಲೆ ಒಂದು ಮೂಲೆ ಬಿಟ್ಟುಕೊಟ್ಟರು.

ಎರಡೂ ದಿನ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಶನಿವಾರ ನಾನು ಬರುವಾಗ ಕತ್ತಲಾಗಿ, ದೊಡ್ಡಮ್ಮ ಎಲ್ಲವನ್ನೂ ಒಳಗೆ ತಂದಿಟ್ಟಿದ್ದರು. ಭಾನುವಾರ ನಾಲ್ಕೂವರೆಗೆ ಮನೆಗೆ ಬಂದೆ. ಹಲಗೆ ಬೋರಲು ಬಿದ್ದಿತ್ತು. ಬಿದ್ದಿತ್ತು ಎನ್ನುವುದು ತಪ್ಪು. ಚಾಪೆಯ ಅಂಚಿಗೆ ನೇರವಾಗಿ, ಹಪ್ಪಳಗಳ ಸಾಲಿಗೆ ಸರಿಯಾಗಿ, ಬೋರಲು ಇಡಲಾಗಿತ್ತು.

"ದೊಡ್ಡಮ್ಮಾ, ಇದನ್ನು ಯಾರು ತಿರುಗಿಸಿದ್ದು?"

"ನಾನೇ. ಮಧ್ಯಾಹ್ನ ಹಪ್ಪಳ ಮಗುಚುವಾಗ ಅದನ್ನು ಸಹ ಮಗುಚಿದೆ. ನಿನ್ನೆಯೂ ಮಗುಚಿದ್ದೇನೆ. ಒಂದೇ ಬದಿ ಕಾದರೆ ಹೇಗೆ ಆಗ್ತದೆ?" ಕಣ್ಣಿನಲ್ಲಿ ಶಹಬ್ಬಾಸಿನ ನಿರೀಕ್ಷೆ ಇತ್ತು. "ನಿನಗೆ ನೆನಪು ಇರ್ಲಿಕ್ಕಿಲ್ಲ ಅಂತ ಗೊತ್ತಿತ್ತು."

ನಗು ಬಂತು. ನೀವೂ ನಗಬಹುದು. ಅಲ್ಲಿಯವರೆಗಿನದ್ದು ನಗುವ ವಿಷಯವೇ. ಎರಡು ದಿನದ ಬಿಸಿಲಿನಲ್ಲಿ ಅರ್ಧವಷ್ಟೇ ಸೆಲ್ಲಿಗೆ ಸಿಕ್ಕಿತ್ತು. ಅಂಗಡಿ ತೆರೆದಿತ್ತು. ಆರು ಗಂಟೆಗೆ ಇನ್ನೂ ಒಂದೂವರೆ ಗಂಟೆ ಇತ್ತು. ಆದರೆ ಊರಿಗೆಲ್ಲ ತೋರಿಸಿದ ಹಲಗೆಯ ಪಕ್ಕದಲ್ಲಿ ಅಂಗಡಿಯ ಸೆಲ್ಲು ತಂದು ಹಾಕಲು ನನಗೆ ಮನಸ್ಸಾಗಲಿಲ್ಲ. ಅರ್ಧ ಸಾಕಾಗಬಹುದು ಎಂದುಕೊಂಡೆ. ಸಾಕಾಗಬಹುದು ಎಂಬುದು ಪ್ರಯೋಗಾಲಯದಲ್ಲಿ ನಾನು ಹುಡುಗರ ಬಾಯಿಂದ ಬರಗೊಡದ ಮಾತು.

ಸೆಲ್ಲು ಹಾಕಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದೆ. ದೊಡ್ಡಮ್ಮ ಮಿಷನ್ ಹಿಡಿದು ಒಳಗಿನ ಕೋಣೆಗೆ ಹೋದರು. ಬಾಗಿಲು ಮುಚ್ಚುವ ಮೊದಲು ತಿರುಗಿ, "ನೀನು ಕೇಳಬಾರದು" ಎಂದರು. ನಾನು ಗೇಟಿನ ತನಕ ಹೋಗಿ ನಿಂತೆ. ಅರ್ಧ ಗಂಟೆಯ ಮೇಲೆ ಹೊರಗೆ ಬಂದರು. ಮುಖ ತೊಳೆದಿದ್ದರು. ಕ್ಯಾಸೆಟ್ಟನ್ನು ಅವರೇ ಬಟ್ಟೆಯಲ್ಲಿ ಸುತ್ತಿ ಹೊಲಿದು ಹಮೀದರ ಕೈಯಲ್ಲಿ ಕೊಟ್ಟರು. ಆಮೇಲೆ ನಾನು ಮಿಷನಿನ ಗುಂಡಿ ಒತ್ತಿ ನೋಡಿದೆ. ಚಕ್ರ ಅಲುಗಲಿಲ್ಲ.

ಆ ವರ್ಷದ ಕೊನೆಗೆ ಮಾವ ಬಂದರು. ಮೆಟ್ಟಿಲ ಕೆಳಗೆ ನಿಂತರು. ದೊಡ್ಡಮ್ಮ ಒಳಗಿನಿಂದಲೇ, "ಕಾಲು ತೊಳೆದು ಬಾ. ಗಂಜಿ ತಣಿಯುತ್ತಾ ಉಂಟು" ಎಂದರು. ಅಷ್ಟೇ. ಇಬ್ಬರೂ ಹಳೆಯದನ್ನು ಎತ್ತಲಿಲ್ಲ.

ಒಂದು ವಾರದ ಮೇಲೆ ಕದ್ರಿ ಗುಡ್ಡೆ ಹತ್ತುವಾಗ ಮಾವ ಕಿಸೆಯಿಂದ ಆ ಕ್ಯಾಸೆಟ್ ತೆಗೆದರು.

"ಸುರುವಿಗೆ ಸರಿ ಉಂಟು. ಉಣ್ತಿಯಾ ಇಲ್ಲವಾ, ತಲೆಗೆ ಎಣ್ಣೆ ಹಾಕ್ತಿಯಾ ಇಲ್ಲವಾ, ಒಳ್ಳೆ ಬೈಗುಳ. ಮತ್ತೆ ಸ್ವರ ಸಪೂರ ಆಗ್ತಾ ಹೋಗ್ತದೆ. ನನ್ನನ್ನು ಸೊಂಟದಲ್ಲಿ ಕೂರಿಸಿಕೊಂಡು ತಿರುಗುವಾಗ ಅಕ್ಕನಿಗೆ ಹತ್ತು ವರ್ಷ. ಅದೇ ಸ್ವರ, ಮಾರಾಯ. ಅದನ್ನು ಕೇಳಿಯೇ ನಾನು ಟಿಕೆಟ್ ಮಾಡಿದ್ದು. 'ನೀನು ಕೇಳಿದ್ದಕ್ಕೆ ಹೇಳ್ತೇನೆ' ಅಂತ ಹೇಳುವವರೆಗೆ ಗೊತ್ತಾಗ್ತದೆ. ಆಮೇಲಿನದ್ದು ಬರೀ ಅಳಿಲಿನ ಚಿಂವ್ ಚಿಂವ್. ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ?"

ನನಗೆ ಆ ಕ್ಷಣವೇ ಗೊತ್ತಾಯಿತು. ಸೆಲ್ಲು ಸೋಲುತ್ತಿದ್ದಂತೆ ಮೋಟರು ನಿಧಾನವಾಗಿದೆ. ನಿಧಾನವಾಗಿ ಓಡಿದ ಟೇಪಿನಲ್ಲಿ ತುಂಬಿದ ಮಾತು, ಹೊಸ ಸೆಲ್ಲಿನ ವೇಗದಲ್ಲಿ ಓಡಿಸಿದಾಗ ಅವಸರದ, ಎಳೆಯ ಸ್ವರವಾಗುತ್ತದೆ. ಸರಿಪಡಿಸುವುದು ಸುಲಭ: ಅಷ್ಟೇ ಸೋತ ಸೆಲ್ಲು ಹಾಕಿ ಕೇಳಬೇಕು. ಆದರೆ ಅದನ್ನು ಹೇಳಿದರೆ ಹಲಗೆಯ ವಿಷಯವೂ ಹೇಳಬೇಕಿತ್ತು. ಆ ಹೊತ್ತಿಗೆ ನಾನು ಅದನ್ನು ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಇಟ್ಟು, ಚಪ್ಪಾಳೆಯನ್ನೂ ತೆಗೆದುಕೊಂಡಾಗಿತ್ತು.

"ಟೇಪೇ ಹಾಳು ಮಾವ. ಎಂತ ಮಾಡ್ಲಿಕ್ಕೂ ಆಗುದಿಲ್ಲ" ಎಂದೆ.

ಮಾವ ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟರು. "ನಿನ್ನ ಹತ್ತಿರವೇ ಇರಲಿ. ಅಕ್ಕನಿಗೆ ಹೇಳಬೇಡ."

ಎಷ್ಟೋ ವರ್ಷಗಳ ಮೇಲೆ, ದೊಡ್ಡಮ್ಮ ಹಾಸಿಗೆ ಹಿಡಿದಾಗ, ಮಾವನಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. "ಹೇಳಬೇಕಾದ್ದು ಅಂದೇ ಹೇಳಿದ್ದೇನೆ. ಎರಡು ಸಲ ಹೇಳುವ ಮಾತಲ್ಲ" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಟೆರೇಸಿನಿಂದ ಇಳಿದವನೇ ಕಪಾಟಿನ ಮೇಲಿನಿಂದ ಮಿಷನ್ ತೆಗೆದೆ. ಹಂಪನಕಟ್ಟೆಯಲ್ಲಿ ಒಬ್ಬರು ಅದರ ಬೆಲ್ಟು ಬದಲಿಸಿ ಕೊಟ್ಟರು. ನಾಲ್ಕು ಸೆಲ್ಲು ಕೊಂಡು, ಟಾರ್ಚಿಗೆ ಹಾಕಿ, ಹಗಲು ಹೊತ್ತೇ ಉರಿಸಿ ಸೋಲಿಸುತ್ತಿದ್ದೇನೆ. ಹೆಂಡತಿ ಎರಡು ದಿನದಿಂದ ನನ್ನನ್ನು ಒಂದು ಥರ ನೋಡುತ್ತಿದ್ದಾಳೆ. ಸಂಗೀತದ ಹಳೆಯ ಕ್ಯಾಸೆಟ್ ಹಾಕಿ ವೇಗ ಪರೀಕ್ಷಿಸಿದೆ. ದೊಡ್ಡಮ್ಮನದ್ದನ್ನು ಹಾಕಿಲ್ಲ.

ಇವತ್ತು ಮಾವನಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದೆ, ಕದ್ರಿಯಲ್ಲಿ ಮಗಳ ಜೊತೆ ಇದ್ದಾರೆ. ಹಲಗೆ, ಅಂಗಡಿ, ಗುಡ್ಡೆಯಲ್ಲಿ ಹೇಳಿದ ಸುಳ್ಳು, ಸೋತ ಸೆಲ್ಲು ಹಾಕಿ ಕ್ಯಾಸೆಟ್ ಕೇಳುವ ದಾರಿ, ಎಲ್ಲವನ್ನೂ ಸಾಲಾಗಿ ಹೇಳಿದೆ.

"ಅಕ್ಕ ಇರುವಾಗ ಹೇಳಬಹುದಿತ್ತು ನೀನು" ಎಂದರು.

"ಹೌದು ಮಾವ."

"ಮಿಷನಿಗೆ ಬೆಲ್ಟು ಹಾಕಿಸಿದ್ದಿಯಾ?"

"ಹಾಕಿಸಿದ್ದೇನೆ."

"ಹಾಗಾದ್ರೆ ಬಾ."

ಟೆರೇಸಿಗೆ ಹೋಗಿ ಹಪ್ಪಳಗಳನ್ನು ಒಂದೊಂದಾಗಿ ಮಗುಚಿದೆ. ಮೊಬೈಲಿನ ಸಾಧನವನ್ನು ಇದ್ದ ಹಾಗೆಯೇ ಬಿಟ್ಟೆ. ಮಿಷನ್, ಕ್ಯಾಸೆಟ್, ಸೋತ ಸೆಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಮಾವನ ಕೋಣೆಯಲ್ಲಿ ಎಲ್ಲವನ್ನೂ ಜೋಡಿಸಿ, ಗುಂಡಿ ಒತ್ತಿ, ಬಾಗಿಲು ಮುಚ್ಚಿ, ಗೇಟಿನ ತನಕ ಹೋಗಿ ನಿಲ್ಲುತ್ತೇನೆ. ನಾನು ಕೇಳಬಾರದು ಎಂದು ದೊಡ್ಡಮ್ಮ ಹೇಳಿದ್ದಾರೆ.