ಮೀಟರಿನ ಮೇಲಿನ ಹೆಸರು

ಅಕ್ಕನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿದ್ದ ಜಾಗ ಹುಣಸೆಬೀಜದಂತೆ ಕಪ್ಪಾಗಿ ಹೊಳೆಯುತ್ತಿತ್ತು. ಚಪ್ಪಲಿಯ ಪಟ್ಟಿ ಅಲ್ಲಿಗೆ ತಾಗಬಾರದೆಂದು ಆ ಕಾಲನ್ನು ಸ್ವಲ್ಪ ಹೊರಗೆ ಎಸೆದು ನಡೆಯುತ್ತಿದ್ದಳು. ಮುಂಬಯಿಯಾಚೆಯ ಕಲ್ಯಾಣ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಎಷ್ಟೇ ಜನರಿದ್ದರೂ ಆ ನಡಿಗೆಯಿಂದಲೇ ಅವಳನ್ನು ಗುರುತಿಸುತ್ತಿದ್ದೆ. ಉಗುರು ಹೋದದ್ದು ನಮ್ಮ ಜಾಗಕ್ಕೆ ಕರೆಂಟು ಬಂದ ದಿನ.

ನಮ್ಮ ಜಾಗ ಎಂದು ಬರೆದೆ. ಅದು ಅವಳ ಜಾಗ.

ಭಾವ ತೀರಿಕೊಂಡ ಮೇಲೆ ಅಕ್ಕ ತುರ್ಭೆಯಲ್ಲಿ ಕಾರ್ಖಾನೆಯ ಹುಡುಗರಿಗೆ ಊಟ ಹಾಕುವ ಖಾನಾವಳಿ ನಡೆಸುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು. ನಾನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ಊರಿನಿಂದ ಬಂದವನು. ಕಲ್ಯಾಣದ ಹೋಟೆಲೊಂದರಲ್ಲಿ ಸಪ್ಲೈಯರ್. ಕಲ್ಯಾಣದಾಚೆ, ಆಗಿನ್ನೂ ಎಮ್ಮೆಗಳು ಮೇಯುತ್ತಿದ್ದ ಕಡೆ, ಅವಳು ಒಂದು ತುಂಡು ಜಾಗ ತೆಗೆದುಕೊಂಡಳು. ಅಂಥ ಜಾಗಗಳಿಗೆ ಸ್ಟಾಂಪ್ ಪೇಪರೊಂದು ಬಿಟ್ಟರೆ ಬೇರೆ ದಾಖಲೆ ಇರುತ್ತಿರಲಿಲ್ಲ. ಗೋಡೆ ಸೊಂಟದೆತ್ತರ ಬಂದಾಗ ಕೆಲಸ ನಿಂತಿತು. ಬೋರ್‌ವೆಲ್ ಇತ್ತು, ಪಂಪು ನಡೆಸಲು ಕರೆಂಟಿರಲಿಲ್ಲ. ನೀರು ಕಾಣದ ಸಿಮೆಂಟು ಬಿಸಿಲಿಗೆ ಬಿರುಕು ಬಿಡತೊಡಗಿತು.

ಸುತ್ತಲಿನವರು ಕಂಬದ ತಂತಿಗೆ ಕೊಕ್ಕೆ ಸಿಕ್ಕಿಸಿ ಪಂಪು ನಡೆಸುತ್ತಿದ್ದರು. ಮೇಸ್ತ್ರಿ ನಮಗೂ ಅದನ್ನೇ ಹೇಳಿದ. ನಾನು ಹೂಂ ಎಂದೆ. ಅಕ್ಕ ಒಪ್ಪಲಿಲ್ಲ.

"ಕದ್ದ ಕರೆಂಟಲ್ಲಿ ಎತ್ತಿದ ನೀರು ನನ್ನ ಗೋಡೆಗೆ ಬೇಡ" ಎಂದಳು.

ಮಧ್ಯಾಹ್ನದ ಊಟ ಬಡಿಸಿ ಮುಗಿಸಿ, ಠಾಣೆಯಲ್ಲಿ ಗಾಡಿ ಬದಲಿಸಿ ಬಂದು, ದೂರದ ಕೈಪಂಪಿನಿಂದ ಕೊಡದಲ್ಲಿ ನೀರು ಹೊತ್ತು ಗೋಡೆಗೆ ಹೊದಿಸಿದ ಗೋಣಿಗಳ ಮೇಲೆ ಚೆಲ್ಲುತ್ತಿದ್ದಳು. ಬಾಣಂತಿ ಮನೆಯಲ್ಲಿ ಮಗುವನ್ನು ಮೀಯಿಸುವವರ ಹಾಗೆ, ಒಂದು ಮೂಲೆಯನ್ನೂ ಬಿಡದೆ.

ಕರೆಂಟಿನ ಕಚೇರಿಗೆ ಅಲೆಯುವ ಕೆಲಸ ನನ್ನದು. ನನಗೆ ಮರಾಠಿ ಮಾತಾಡಲು ಬರುತ್ತಿತ್ತು, ಅಕ್ಕನಿಗೆ ಅರ್ಥವಾಗುತ್ತಿತ್ತು ಅಷ್ಟೆ. ಅರ್ಜಿ ಯಾರ ಹೆಸರಿನಲ್ಲಿ ಎಂದು ಗುಮಾಸ್ತ ಕೇಳಿದಾಗ ಅಕ್ಕ ನನ್ನನ್ನು ತೋರಿಸಿದಳು. ನಮ್ಮ ತುಳುವರ ಎಷ್ಟೋ ಮನೆತನಗಳಲ್ಲಿ ಮನೆ ಹೆಣ್ಣಿನದು. ಅವಳ ನಂತರ ಅವಳ ಮಕ್ಕಳದು. ಅದನ್ನು ನೋಡಿಕೊಳ್ಳುವ ಯಜಮಾನ ಮಾತ್ರ ಅವಳ ಅಣ್ಣನೋ ತಮ್ಮನೋ. ಯಜಮಾನನ ಹೆಸರು ಹೇಳಿದರೆ ಮನೆ ಅವನದಾಗುತ್ತದೆ ಎಂದು ಊರಿನಲ್ಲಿ ಯಾರೂ ತಿಳಿಯುವುದಿಲ್ಲ. ಅಕ್ಕ ಆ ಊರನ್ನು ಕಲ್ಯಾಣಕ್ಕೂ ತಂದಿದ್ದಳು.

ಕಡೆಗೆ ಇಬ್ಬರು ಲೈನ್‌ಮನ್‌ಗಳು ಬಂದರು. ಕಂಬ ದೂರವಿದ್ದುದರಿಂದ ನಡುವೆ ಒಂದು ಕಬ್ಬಿಣದ ಪೈಪು ನಿಲ್ಲಿಸಿ ಅದರ ಮೇಲೆ ಕೇಬಲ್ ಎಳೆಯಬೇಕಿತ್ತು. ಅಕ್ಕ ಅವರಿಗೆಂದು ಡಬ್ಬಿ ತುಂಬ ಗೋಳಿಬಜೆ ತಂದಿದ್ದಳು. ಪೈಪು ಎತ್ತುವಾಗ ಕೈ ಕೊಟ್ಟವಳೂ ಅವಳೇ. ಅದು ಜಾರಿ ಅವಳ ಕಾಲಿನ ಮೇಲೆ ಬಿತ್ತು. ಅರಿಶಿನ ಮೆತ್ತಿ, ಹಳೆಯ ಸೀರೆಯ ಚೂರು ಸುತ್ತಿ ಅಲ್ಲೇ ಕುಳಿತಳು. ಡಾಕ್ಟರ ಹತ್ತಿರ ಹೋಗೋಣವೆಂದರೆ ಬಲ್ಬು ಉರಿಯಲಿ ಎಂದಳು.

ಮೀಟರಿಗೆ ಸೀಲು ಹಾಕುವಾಗ ಹಿರಿಯ ಲೈನ್‌ಮನ್ ಕಾಗದದ ಮೇಲಿನ ಹೆಸರು ಓದಿ ಮರಾಠಿಯಲ್ಲಿ ಚುಚ್ಚಿದ. "ಏನಕ್ಕಾ, ಪೈಪು ಬಿದ್ದದ್ದು ನಿಮ್ಮ ಕಾಲ ಮೇಲೆ, ಹೆಸರು ಇವನದ್ದಾ? ಇಲ್ಲಿ ಲೈಟ್ ಬಿಲ್ಲು ಯಾರದ್ದೋ ಮನೆ ಅವರದ್ದು."

ಅಕ್ಕ ನಕ್ಕು ನನ್ನ ಕಡೆ ತಿರುಗಿದಳು. "ಹೆಸರು ಯಾರದ್ದಾದ್ರೆ ಎಂತ ಮಾರಾಯ? ಬಲ್ಬು ಎಲ್ರಿಗೂ ಉರಿತದೆ."

ಪಂಪು ಗುಂಯ್‌ಗುಟ್ಟಿತು. ಮೊದಲ ನೀರನ್ನು ಅವಳು ಗೋಡೆಗೆ ಹಿಡಿದಳು. ರಕ್ತ ಸೋರುವ ಕಾಲಿಗೆ ಆಮೇಲೆ.

ಮನೆ ಮುಗಿದಾಗ ನನ್ನನ್ನೂ ನನ್ನ ಹೆಂಡತಿಯನ್ನೂ ಅಲ್ಲಿರಿಸಿ, ತಾನು ಮಗಳೊಂದಿಗೆ ಖಾನಾವಳಿಯ ಹಿಂದಿನ ಕೋಣೆಯಲ್ಲೇ ಉಳಿದಳು. ಒಲೆಯ ಹತ್ತಿರ ನಿಲ್ಲಲಾಗದ ಕಾಲಕ್ಕೆ ಬರುತ್ತೇನೆ ಎನ್ನುತ್ತಿದ್ದಳು. ಬಂದಾಗಲೆಲ್ಲ ಮೊದಲು ಮೀಟರಿನ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಳು.

ಕೆಲವು ವರ್ಷಗಳಲ್ಲಿ ಎಮ್ಮೆಗಳು ಹೋಗಿ ಬಿಲ್ಡರುಗಳು ಬಂದರು. ಮನೆಗಳನ್ನು ಕೆಡವಿ ಕಟ್ಟಡ ಎಬ್ಬಿಸುವುದು, ಇದ್ದವರಿಗೆ ಒಂದೊಂದು ಫ್ಲ್ಯಾಟು ಕೊಡುವುದು ಎಂದಾಯಿತು. ಬಿಲ್ಡರಿನ ಮನುಷ್ಯ ಬಾಗಿಲಿಗೆ ಬಂದು ಲೈಟ್ ಬಿಲ್ಲು ಕೇಳಿದ. ಒಳಗಿನಿಂದ ತಂದುಕೊಟ್ಟೆ. ಅವನು ನನ್ನ ಹೆಸರು ಬರೆದುಕೊಂಡ. ಮನೆ ನಿಮ್ಮದೇ ತಾನೇ ಎಂದು ಅವನು ಕೇಳಿದ್ದರೆ ನಾನು ಏನೆನ್ನುತ್ತಿದ್ದೆನೋ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದೆ ಸಹಿ ಹಾಕಲು ಕರೆದಾಗ ಅಕ್ಕನಿಗೆ ತಿಳಿಸದೆ ಹೋಗಿ ಹಾಕಿದೆ. ಹೆಂಡತಿ ಹೇಳಿಕೊಟ್ಟಳೆಂದು ನೆಂಟರು ಆಡಿಕೊಂಡರು. ಇಲ್ಲ. ನಾನೇ. ಹುಟ್ಟಿದಾಗಿನಿಂದ ಇನ್ನೊಬ್ಬರ ಸೂರಿನಡಿ ಮಲಗಿದ್ದವನು ನನ್ನ ಹೆಸರು ಕಂಡು ಆಸೆಗೆ ಬಿದ್ದೆ.

ತಿಳಿದ ಮೇಲೆ ಅಕ್ಕ ಬಂದಳು. ಮನೆಯನ್ನು ಆಗಲೇ ಅರ್ಧ ಕೆಡವಿದ್ದರು. ಆ ಗೋಡೆ ಸುತ್ತಿಗೆಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ, ಕೆಲಸದವರು ಬೈಯುತ್ತಿದ್ದರು. ಹೊರಡುವಾಗ ಅಕ್ಕ, ಗಟ್ಟಿಯಾಗಿ ಅಲ್ಲ, ಹೇಳಿದಳು.

"ನಿನ್ನನ್ನು ಯಜಮಾನ ಮಾಡಿದ್ದು ನಾನೇ. ಹಾಗಾಗಿ ನೀನು ಕದ್ದದ್ದು ಅಂತ ಯಾರ ಹತ್ರವೂ ಹೇಳುದಿಲ್ಲ."

ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ. ನನ್ನ ಗೃಹಪ್ರವೇಶಕ್ಕೆ ಬರಲೂ ಇಲ್ಲ. ತುರ್ಭೆಯ ಅದೇ ಕೋಣೆಯಲ್ಲಿ ತೀರಿಕೊಂಡಳು.

ನಾನು ತಲುಪಿದಾಗ ಬಿಳಿ ಬಟ್ಟೆಯ ಹೊರಗೆ ಪಾದಗಳಷ್ಟೇ ಕಾಣುತ್ತಿದ್ದವು. ಬಗ್ಗಿದೆ. ಉಗುರಿಲ್ಲದ ಬೆರಳಿನ ಹತ್ತಿರ ಕೈ ನಿಂತುಬಿಟ್ಟಿತು. ಫ್ಲ್ಯಾಟನ್ನು ನಿನಗೇ ಬರೆದುಕೊಡುತ್ತೇನೆ ಎಂದು ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಅಲ್ಲಿಯೇ ಹೇಳಿದೆ. ಇಲ್ಲೇ ಹುಟ್ಟಿದವಳು, ಹಿಂದಿಯಲ್ಲೇ ಉತ್ತರಿಸಿದಳು.

"ಪೈರ್ ಛೂನಾ ಹೈ ತೋ ಛೂ ಲೋ, ಮಾಮಾ. ಬಾಕಿ ಮತ್ ಬೋಲೋ."

ಕಾಲು ಮುಟ್ಟುವುದಿದ್ದರೆ ಮುಟ್ಟು, ಉಳಿದದ್ದು ಆಡಬೇಡ ಎಂದು. ನಾನು ಎಂಥವನೆಂದು ಅವಳಿಗೆ ಗೊತ್ತಿತ್ತು. ಇವತ್ತಿಗೂ ಬರೆದುಕೊಟ್ಟಿಲ್ಲ. ಮಗನ ಮದುವೆಯಾಗಲಿ ಎಂದೆ, ಆಯಿತು. ಈಗ ಮೊಮ್ಮಗುವಿದೆ ಎನ್ನುತ್ತೇನೆ. ತಿಂಗಳು ತಿಂಗಳು ಲೈಟ್ ಬಿಲ್ಲು ಬರುತ್ತದೆ, ನನ್ನ ಹೆಸರಿನಲ್ಲಿ. ಒಮ್ಮೆಯೂ ತಡಮಾಡದೆ ಕಟ್ಟುತ್ತೇನೆ. ಕದ್ದ ಕರೆಂಟು ಈ ಮನೆಯಲ್ಲಿ ಇಲ್ಲ.