ರಾಮವ್ವನಿಗೆ ನಲವತ್ತೈದು ತುಂಬುವವರೆಗೆ

ರಾಮವ್ವ ಓಡಲು ಶುರುಮಾಡಿದ್ದು ನಡೆಯುವ ಬೇಸರಕ್ಕೆ. ಸಿಂದಗಿಯ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ, ದಿನಾ ಮುಂಜಾನೆ ಒಂದು ತಾಸು ನಡೆಯಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ನಾಲ್ಕು ದಿನ ನಡೆದಳು. ಐದನೆಯ ದಿನ ಸೀರೆಗೆ ಕಚ್ಚೆ ಹಾಕಿ, ಬರಿಗಾಲಲ್ಲಿ, ಕಾಲುವೆಯ ದಂಡೆಯ ಮೇಲೆ ಓಡುತ್ತ ನನಗೆ ಎದುರಾದಳು. ನಾನೂ ಸಕ್ಕರೆಯವನೇ, ವಾಕಿಂಗಿಗೆ ಹೊರಟಿದ್ದೆ. ಗಾಬರಿಯಾಗಿ ನಿಂತೆ.

“ಏ ರಾಮವ್ವ, ಯಾಕ ಓಡ್ಲಿಕತ್ತಿ? ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ರಿ ಮಾಸ್ತರ್ರ. ನಡದ್ರ ಒಂದ ತಾಸ ಬೇಕ್ರಿ. ಓಡಿದ್ರ ಲಗೂನ ಮುಗೀತೈತಿ. ನಾ ಸಾಲಿಗಿ ಹೋಗಿ ಅಕ್ಕಿ ಹಸನ ಮಾಡೂದೈತಿ.”

ಹೇಳಿದವಳು ನಿಲ್ಲಲೂ ಇಲ್ಲ, ಹೋಗೇಬಿಟ್ಟಳು. ಅವಳು ಯಂಕಂಚಿಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ನಾನು ಅದೇ ಶಾಲೆಯಲ್ಲಿ ಮೂವತ್ತೇಳು ವರ್ಷ ಕಲಿಸಿ, ೨೦೨೩ರ ಬೇಸಿಗೆಯಲ್ಲಿ ನಿವೃತ್ತನಾದ ಗುರುರಾಜ ಕುಲಕರ್ಣಿ. ಪಿ.ಟಿ. ಮಾಸ್ತರು ಇಲ್ಲದ ಶಾಲೆ ಅದು. ಕೊರಳಿಗೆ ಸೀಟಿ ಹಾಕಿಕೊಂಡು ಮಕ್ಕಳನ್ನು ಓಡಿಸುವ ಕೆಲಸವನ್ನೂ ನಾನೇ ಮೈಮೇಲೆ ಹಾಕಿಕೊಂಡಿದ್ದೆ. ರಾಮವ್ವ ನನ್ನ ಕೈಯಲ್ಲಿ ಕಲಿತವಳು. ನಾಲ್ಕನೆಯ ಇಯತ್ತೆ ಮುಗಿಯುವುದರೊಳಗೆ ಅವಳಪ್ಪ ಕುರಿ ಕಾಯಲು ಬಿಡಿಸಿಕೊಂಡು ಹೋದ. ಆಮೇಲೆ ಕುರಿ ಕಾಯುವ ಚಂದಪ್ಪನಿಗೇ ಕೊಟ್ಟರು.

ಊರು ಸುಮ್ಮನಿರುತ್ತದೆಯೇ? ಕಟ್ಟೆಯ ಮೇಲೆ ಕೂತ ಗಂಡಸರು ಹಲ್ಲು ಕಿಸಿದರು. “ರಾಮವ್ವಾ, ಯಾರು ಬೆನ್ನ ಹತ್ಯಾರ?” ಎಂದು ಒಬ್ಬ ಕೂಗಿದ.

“ನಿಮ್ಮಪ್ಪ ಹತ್ಯಾನ. ಸಾವಕಾಶ ಬಾ ಅಂತ ಹೇಳ ಅವಗ,” ಎಂದು ಓಡುತ್ತಲೇ ಹೇಳಿದಳು. ಮರುದಿನದಿಂದ ಯಾರೂ ಅವಳ ತಂಟೆಗೆ ಹೋಗಲಿಲ್ಲ. ಚಂದಪ್ಪನಿಗೂ ಅಡ್ಡಿ ಇರಲಿಲ್ಲ. “ಓಡ್ಲಿ ಬಿಡ್ರಿ, ತಪ್ಪಿಸಿಕೊಂಡ ಕುರಿ ತಿರುವ್ಯಾಕ ಆಗತೈತಿ,” ಎಂದ ಆ ಪುಣ್ಯಾತ್ಮ.

ನನ್ನ ಕೈ ಸುಮ್ಮನಿರಲಿಲ್ಲ. ಪೆಟ್ಟಿಗೆಯಿಂದ ಹಳೆಯ ಸ್ಟಾಪ್‌ವಾಚು ತೆಗೆದು ಸೆಲ್ ಹಾಕಿಸಿದೆ. ಕಾಲುವೆಯ ಗೇಟಿನಿಂದ ಗೇಟಿಗೆ ದೂರ ಅಳೆದೆ. ದಸರಾ ಹೊತ್ತಿಗೆ ಅವಳು ಒಂದೇ ದಮ್ಮಿಗೆ ಏಳು ಕಿಲೋಮೀಟರ್ ಓಡುತ್ತಿದ್ದಳು, ಅದೂ ಮಾತಾಡುತ್ತ. ನಾನು ವೇಳೆ ಹೇಳಿದರೆ “ಹೌದೇನ್ರಿ?” ಎಂದು ನಕ್ಕು, ಬೆವರು ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕರಪತ್ರ. ಸಿಂದಗಿಯ ಯುವಕರ ಸಂಘವೊಂದು ಜನವರಿಯಲ್ಲಿ ಹತ್ತು ಕಿಲೋಮೀಟರ್ ಓಟ ಇಟ್ಟಿತ್ತು. ನಲವತ್ತೈದರ ಒಳಗಿನವರದು ಒಂದು ಗುಂಪು, ನಲವತ್ತೈದು ತುಂಬಿದವರದು ಇನ್ನೊಂದು. ಪ್ರತಿ ಗುಂಪಿನ ಮೊದಲ ಮೂವರಿಗೆ ವೇದಿಕೆಯ ಮೇಲೆ ಬೆಳ್ಳಿ ಬಣ್ಣದ ಕಪ್.

“ನನ್ನ ಹೆಸರ ಕೊಡ್ರಿ ಮಾಸ್ತರ್ರ. ಎದಿಮ್ಯಾಲ ನಂಬರ ಹಚ್ಚತಾರಂತ,” ಎಂದಳು.

“ಯಾಕ ರಾಮವ್ವ, ಈಗ ಓಡೋದು ಸಾಲವಲ್ತೇನು?”

“ಅದೇನ್ ಓಡೂದ್ರಿ. ಕುರಿ ಹಿಂದ ಓಡೇನಿ, ಬಸ್ಸಿನ ಹಿಂದ ಓಡೇನಿ, ಈಗ ಡಾಕ್ಟರ ಹೇಳ್ಯಾರಂತ ಓಡಾಕತ್ತೇನಿ. ನನ್ನ ಸಲುವಾಗಿ ಒಮ್ಮಿ ಓಡಬೇಕಂತ ಆಗೇತ್ರಿ. ನಾಕು ಮಂದ್ಯಾಗ, ನಂಬರ ಹಚ್ಚಿಕೊಂಡು.”

ಆಧಾರ್ ಕಾರ್ಡು ಇಸಿದುಕೊಂಡು ನೋಡಿದೆ. ಜನ್ಮ ದಿನಾಂಕ: ೧ ಜೂನ್ ೧೯೮೦. ನನಗೆ ನಗು ಬಂತು. ಆ ತಾರೀಖು ಹುಟ್ಟಿಸಿದವನು ನಾನೇ.

೧೯೮೬ರಲ್ಲಿ ನೌಕರಿಗೆ ಸೇರಿದ ಹೊಸದು. ಊರಲ್ಲಿ ಯಾರ ಹತ್ತಿರವೂ ಜನನ ಪತ್ರ ಇರಲಿಲ್ಲ. ಮಗುವನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಲು ಹೇಳುವುದು, ಕೈ ಕಿವಿಗೆ ಮುಟ್ಟಿದರೆ ಆರು ವರ್ಷ ಎಂದು ಬರೆಯುವುದು. ತಾರೀಖು ಎಲ್ಲರಿಗೂ ಜೂನ್ ಒಂದು. ಆ ವರ್ಷ ನಾನು ದಾಖಲು ಮಾಡಿಕೊಂಡ ಇಪ್ಪತ್ತೇಳು ಮಕ್ಕಳೂ ಒಂದೇ ದಿನ ಹುಟ್ಟಿದವರು! ರಾಮವ್ವನ ಕೈ ಕಿವಿ ದಾಟಿ ದವಡೆಗೆ ಬಂದಿತ್ತು. ಮುಂದಿನ ಹಲ್ಲು ಬಿದ್ದು, ಹೊಸ ಹಲ್ಲು ಪೂರ್ತಿ ಬಂದಿದ್ದವು. ಒಂಬತ್ತಕ್ಕೆ ಕಡಿಮೆ ಇರಲಿಲ್ಲ. ಅವಳಪ್ಪ “ನಿಮಗ ಹ್ಯಾಂಗ ಬೇಕು ಹಂಗ ಬರಕೊಳ್ರಿ” ಎಂದ. ಒಂದನೆಯ ಇಯತ್ತೆಗೆ ಒಂಬತ್ತು ವರ್ಷ ಎಂದು ಬರೆದರೆ ತಪಾಸಣೆಗೆ ಸಾಹೇಬರು ಬಂದಾಗ ತಕರಾರು ಮಾಡಿಯಾರು ಎಂದು ಆರು ಬರೆದೆ. ಶಾಲೆಯ ಆ ದಾಖಲೆಯೇ ಮುಂದೆ ರೇಶನ್ ಕಾರ್ಡಿಗೆ ಹೋಯಿತು, ಆಧಾರಿಗೆ ಹೋಯಿತು.

ಹಾಗಾಗಿ ನಿಜದ ಲೆಕ್ಕದಲ್ಲಿ ಅವಳಿಗೆ ನಲವತ್ತಾರು ಆಗಿತ್ತು, ಕಾಗದದ ಮೇಲೆ ನಲವತ್ಮೂರು. ಇದು ಹೊಳೆದದ್ದೇ ತಡ, ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಈಗ ಓಡಿದರೆ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗಿಯರ ಜೊತೆ ಓಡಬೇಕು. ಎರಡು ವರ್ಷ ತಡೆದರೆ ದೊಡ್ಡವರ ಗುಂಪು. ಈ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ ಯಾವ ಹೆಣ್ಣುಮಗಳು ಹತ್ತು ಕಿಲೋಮೀಟರ್ ಓಡುತ್ತಾಳೆ? ಮೊದಲನೆಯ ಕಪ್ ನಮ್ಮದೇ.

ನಮ್ಮದು! ಆ ಮಾತು ಹೇಗೆ ಬಂತು ನೋಡಿ. ಮೂವತ್ತೇಳು ವರ್ಷ ಸೀಟಿ ಊದಿದರೂ ನನ್ನ ಕೈಯಲ್ಲಿ ಕಲಿತ ಒಂದು ಮಗುವೂ ತಾಲ್ಲೂಕಿನ ಮೈದಾನ ದಾಟಿ ಮುಂದೆ ಹೋಗಲಿಲ್ಲ. ಶಾಲೆಯಲ್ಲಿ ಕಪ್ ಇಡಲೆಂದು ಗಾಜಿನ ಕಪಾಟು ಮಾಡಿಸಿದ್ದೆ. ಅದರಲ್ಲಿ ನಕಾಶೆ ಸುತ್ತಿ ಇಡುತ್ತಿದ್ದೆವು.

“ಈ ಸಲ ಬ್ಯಾಡ ರಾಮವ್ವ. ಇನ್ನೂ ತಯಾರಿಲ್ಲ ನೀನು,” ಎಂದೆ.

“ಏಳು ಓಡತೇನಲ್ರಿ. ಇನ್ನ ಮೂರು ಕೂಡಿಸಿದ್ರ ಆತು.”

“ಓಡಿ ಕಡೀಕ ಬಂದ್ರ ಮಂದಿ ನಗತಾರ. ಎರಡು ವರ್ಷ ತಡಿ, ಕಪ್ ತಗೊಂಡೇ ಬರೋಣು.”

“ನಕ್ರ ನಗಲಿ ಬಿಡ್ರಿ,” ಎಂದಳು ಸಣ್ಣಗೆ. ನಾನು ಕಣ್ಣು ದೊಡ್ಡದು ಮಾಡಿದೆ. ಒಂದನೆಯ ಇಯತ್ತೆಯಲ್ಲಿ ಮಾಡುತ್ತಿದ್ದ ಹಾಗೆಯೇ. ನಲವತ್ತಾರು ವರ್ಷದ ಹೆಂಗಸು ತಲೆ ತಗ್ಗಿಸಿ “ನೀವು ಹೇಳಿದ್ಮ್ಯಾಲ ಮುಗೀತ್ರಿ” ಎಂದು ಕರಪತ್ರ ಮಡಿಚಿಕೊಂಡಳು. ಚಹಾ ತಂದ ನನ್ನ ಹೆಂಡತಿ ತುಳಸೀಬಾಯಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ರಾಮವ್ವ ಹೋದ ಮೇಲೆ ಕಪ್ಪುಬಸಿ ಕುಕ್ಕಿ ಇಟ್ಟಳು.

“ಆಕಿ ಓಡ್ತೇನಂತಾಳ. ನೀವ್ಯಾಕ ಮದವಿ ಮುಹೂರ್ತ ತಗದಂಗ ತಗೀಲಿಕ್ಕತ್ತೀರಿ?”

“ನಿನಗೇನು ತಿಳೀತದ ಓಟದ್ದು?”

“ಓಟದ್ದು ತಿಳಿಯೂದಿಲ್ಲ. ನಿಮ್ಮದು ತಿಳೀತದ,” ಎಂದು ಒಳಗೆ ಹೋದಳು.

ಆ ಜನವರಿ ಹಾಗೆ ಹೋಯಿತು. ಮರುವರ್ಷ ಅವಳು ಹತ್ತು ಕಿಲೋಮೀಟರನ್ನು ಒಂದು ತಾಸು ಎಂಟು ಮಿನಿಟಿನಲ್ಲಿ ಮುಗಿಸುತ್ತಿದ್ದಳು. ಮತ್ತೆ ಕೇಳಿದಳು. ಮತ್ತೆ ಬೇಡ ಎಂದೆ. ಆದರೆ ಓಟದ ದಿನ ಅವಳನ್ನು ಸಿಂದಗಿಗೆ ಕರೆದುಕೊಂಡು ಹೋದೆ. ಯಾಕೆ? ಎದುರಾಳಿಗಳನ್ನು ನೋಡಿಕೊಂಡು ಬರಲು! ರಸ್ತೆಯ ಬದಿ ನಿಂತು ಗಡಿಯಾರ ಹಿಡಿದೆ. ದೊಡ್ಡವರ ಗುಂಪಿನ ಮೊದಲನೆಯವಳು ಒಂದು ತಾಸು ಇಪ್ಪತ್ತು ಮಿನಿಟಿಗೆ ಬಂದಳು. ನಾನು ಸಣ್ಣ ಹುಡುಗನ ಹಾಗೆ ಕುಣಿದಾಡಿಬಿಟ್ಟೆ. “ಹನ್ನೆರಡು ಮಿನಿಟು ರಾಮವ್ವ! ಹನ್ನೆರಡು ಮಿನಿಟು ಮುಂದ ಇದ್ದಿ ನೀನು!”

ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಬಂದು ಎಷ್ಟೋ ಹೊತ್ತಾದ ಮೇಲೆ ದಪ್ಪಗಿನ ಹೆಂಗಸೊಬ್ಬಳು ಅರ್ಧ ಓಡುತ್ತ, ಅರ್ಧ ನಡೆಯುತ್ತ ಬಂದಳು. ಅವಳೇ ಕೊನೆಯವಳು. ನಿಂತವರೆಲ್ಲ ಚಪ್ಪಾಳೆ ಹೊಡೆದರು. ಯಾರೂ ನಗಲಿಲ್ಲ. ಸಂಘದವನೊಬ್ಬ ಓಡಿಹೋಗಿ ಅವಳ ಕೊರಳಿಗೆ ಪದಕ ಹಾಕಿದ.

“ಮುಗಿಸಿದವ್ರಿಗೆಲ್ಲಾ ಕೊಡ್ತಾರಲ್ರಿ,” ಎಂದಳು ರಾಮವ್ವ.

“ಅದು ಸುಮ್ನ ತಗಡು. ನಿನಗ ಕಪ್ ಬೇಕು.”

ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹಸಿವಾಗಿರಬೇಕು ಎಂದುಕೊಂಡೆ ನಾನು, ಕತ್ತೆ.

ಆಮೇಲೆ ನನ್ನ ಹುಚ್ಚು ಇನ್ನೂ ಏರಿತು. ಓಟ ಡಾಂಬರು ರಸ್ತೆಯ ಮೇಲೆ ಇರುತ್ತದೆಂದು ಕಾಲುವೆಯ ಮಣ್ಣು ಬಿಡಿಸಿ ರಸ್ತೆಗೆ ಹತ್ತಿಸಿದೆ. ವಿಜಯಪುರದಿಂದ ಬೂಟು ತಂದುಕೊಟ್ಟೆ. ಹುಟ್ಟಿದಂದಿನಿಂದ ಬರಿದಾಗಿದ್ದ ಕಾಲಿಗೆ ಬೂಟು! ಆರು ಮಿನಿಟು ಇಳಿಸಬೇಕು, ಇನ್ನೂ ಎರಡು ಇಳಿಸಬೇಕು ಎಂದು ದಿನಾ ಬೆನ್ನು ಹತ್ತಿದೆ. ಬೇಸಿಗೆಯಲ್ಲಿ ಒಂದು ದಿನ “ಎಡಗಾಲ ಹಿಡದೈತ್ರಿ” ಎಂದಳು. ಎಣ್ಣೆ ಕಾಸಿ ಹಚ್ಚು ಎಂದೆ. ಇನ್ನೊಂದು ದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದದ್ದನ್ನು ನೋಡಿದೆ. ನೋಡಿಯೂ ಕೇಳಲಿಲ್ಲ. ಇದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಜೂನ್ ಒಂದು ಬಂತು. ಕಾಗದದ ಮೇಲೆ ರಾಮವ್ವನಿಗೆ ನಲವತ್ತೈದು ತುಂಬಿತು. ನಾನು ಪೇಢೆ ತಂದು ಶಾಲೆಯ ಅಡುಗೆಮನೆಯಲ್ಲಿ ಹಂಚಿದೆ. ಆ ಹೊತ್ತಿಗೆ ಅವಳ ಮೊಣಕಾಲು ಸೋರೆಕಾಯಿಯ ಹಾಗೆ ಊದಿತ್ತು. ಜುಲೈಯಲ್ಲಿ ನೆಲದ ಮೇಲೆ ಕೂತರೆ ಏಳಲು ಆಗದಂತಾಯಿತು. ಆಗ ಸಿಂದಗಿಗೆ ಕರೆದುಕೊಂಡು ಹೋದೆ.

ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ವಯಸ್ಸು ಕೇಳಿದರು.

“ನಲವತ್ತೈದು. ಹೋದ ತಿಂಗಳ ತುಂಬೇದ,” ಎಂದೆ ನಾನು, ಅವಳಿಗಿಂತ ಮೊದಲು.

“ಇವು ನಲವತ್ತೈದರ ಮೊಣಕಾಲ ಅಲ್ರಿ. ಸವದು ಎಲುಬಿಗಿ ಎಲುಬು ತಿಕ್ಕಾಕತ್ತೈತಿ. ಇಂಥಾ ಕಾಲಿಂದ ರಸ್ತಾದ ಮ್ಯಾಲ ಓಡಿಸಿದವ್ರು ಯಾರ್ರಿ?” ಎಂದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದೆ. “ಇನ್ನ ಓಡೂದು ಆಗೂದಿಲ್ಲವ್ವ,” ಎಂದು ಅವಳಿಗೆ ಹೇಳಿದರು. “ಸಾವಕಾಶ ನಡಿ. ಅಷ್ಟ.”

ಬಸ್ಸಿನಲ್ಲಿ ಅವಳು ಬೈಯಲಿ, ನಾಲ್ಕು ಮಾತು ಉಗಿಯಲಿ ಎಂದು ಕಾಯುತ್ತಿದ್ದೆ. ಊರು ಹತ್ತಿರ ಬಂದಾಗ “ನಾಳಿ ಸಾಲ್ಯಾಗ ತತ್ತಿ ಕೊಡೂ ದಿನ ಐತ್ರಿ, ಮುಂಜಾನಿ ಲಗೂ ಕುದಸಬೇಕು,” ಎಂದಳು. ಇಳಿಯುವಾಗ ಕೈ ಹಿಡಿಯಲು ಹೋದರೆ, ಬೇಡ ಎಂದು ಕಂಬಿ ಹಿಡಿದು ಇಳಿದಳು.

ಮನೆಯಲ್ಲಿ ತುಳಸೀಬಾಯಿ ಎಲ್ಲ ಕೇಳಿದಳು. “ಮೂರು ವರ್ಷ ಕಡಿಮಿ ಬರದವರೂ ನೀವ, ಎರಡು ವರ್ಷ ಕಾಯಿಸಿದವರೂ ನೀವ,” ಎಂದಳು ಆಮೇಲೆ. “ಕಪ್ ಯಾರಿಗೆ ಬೇಕಾಗಿತ್ತು ಅಂತ ಒಮ್ಮೆರೆ ನಿಮ್ಮನ್ನ ನೀವು ಕೇಳಿಕೊಳ್ರಿ.”

ಕೇಳಿಕೊಳ್ಳುವುದೇನು ಬಂತು? ಉತ್ತರ ಗೊತ್ತಿತ್ತು. ಡಿಸೆಂಬರ್ ಮುಗಿಯುವವರೆಗೂ ರಾಮವ್ವನ ಕಣ್ಣು ತಪ್ಪಿಸಿ ಓಡಾಡಿದೆ. ಅವಳು ಕಾಲುವೆಯ ಕಡೆ ಬರುವುದನ್ನು ಬಿಟ್ಟಿದ್ದಳು. ನಾನೂ ವಾಕಿಂಗನ್ನು ಮನೆಯ ಅಂಗಳಕ್ಕೆ ತಂದುಕೊಂಡೆ.

ಈ ಜನವರಿಯ ಓಟಕ್ಕೆ ನಾನು ಹೋಗಬಾರದಿತ್ತು. ಹೋದೆ. ಚಟ ಬಿಡಬೇಕಲ್ಲ! ದೊಡ್ಡವರ ಗುಂಪಿನಲ್ಲಿ ಇಂಡಿ ತಾಲ್ಲೂಕಿನಿಂದ ಬಂದ ಹೆಣ್ಣುಮಗಳೊಬ್ಬಳು ಗೆದ್ದಳು. ಒಂದು ತಾಸು ಇಪ್ಪತ್ತೆರಡು ಮಿನಿಟು ಎಂದು ಮೈಕಿನಲ್ಲಿ ಕೂಗಿದರು. ಅವಳು ಕಪ್ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಳು. ನೋಡಲಾರದೆ ಈಚೆ ಬಂದರೆ ಶಾಮಿಯಾನದ ಕೆಳಗೆ ನಾಷ್ಟಾದ ಪಾಳಿ. ಹೊಟ್ಟೆ ಹಸಿದಿತ್ತು, ನಾನೂ ನಿಂತೆ.

ತೀರ ಹತ್ತಿರ ಬಂದ ಮೇಲೆ ನೋಡುತ್ತೇನೆ, ಉಪ್ಪಿಟ್ಟು ಬಡಿಸುತ್ತಿದ್ದವಳು ರಾಮವ್ವ. ಆರುನೂರು ಮಂದಿಯ ನಾಷ್ಟಾಕ್ಕೆ ಸಂಘದವರು ಸುತ್ತಲ ಊರುಗಳ ಬಿಸಿಯೂಟದ ಹೆಂಗಸರನ್ನು ಕರೆಸಿದ್ದರು. ಕಾಲು ಮಡಚಲಾಗದೆ ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ದೊಡ್ಡ ಬುಟ್ಟಿ. ಎದೆಯ ಮೇಲೆ ನಂಬರು ಹಚ್ಚಿಕೊಂಡವರು, ಕೊರಳಲ್ಲಿ ಪದಕ ಹಾಕಿಕೊಂಡವರು ಒಬ್ಬೊಬ್ಬರೇ ತಟ್ಟೆ ಒಡ್ಡುತ್ತಿದ್ದರು. ಅವಳು ಒಂದೊಂದು ಚಮಚ ಹಾಕುತ್ತಿದ್ದಳು.

ತಪ್ಪಾಯಿತು ಎನ್ನಬೇಕಿತ್ತು. ಆರು ತಿಂಗಳಿನಿಂದ ಬಾಯಲ್ಲಿ ಇಟ್ಟುಕೊಂಡು ತಿರುಗಿದ ಮಾತು ಅದೊಂದೇ. ಆದರೆ ಬಾಯಿ ತೆರೆದರೆ ಬೇರೆಯೇ ಬಂತು.

“ಕೇಳಿದೇನು ರಾಮವ್ವ? ಒಂದು ತಾಸು ಇಪ್ಪತ್ತೆರಡು ಮಿನಿಟಂತ. ನೀ ಓಡಿದ್ರ ಆ ಕಪ್ ನಿಂದ ಇತ್ತು.”

ಅವಳ ಕೈ ನಿಂತಿತು. ಈ ಸಲ ತಲೆ ತಗ್ಗಿಸಲಿಲ್ಲ. ನನ್ನ ಮುಖವನ್ನೇ ನೋಡಿದಳು.

“ನಾ ಕಪ್ ಕೇಳಿದ್ದಿಲ್ರಿ ಮಾಸ್ತರ್ರ. ಓಡತೇನಿ ಅಂದಿದ್ದೆ.”

ಎಲ್ಲರಿಗೂ ಹಾಕಿದಷ್ಟೇ ನನ್ನ ತಟ್ಟೆಗೂ ಉಪ್ಪಿಟ್ಟು ಹಾಕಿದಳು. ನಾನು ನಿಂತೇ ಇದ್ದೆ.

“ಮುಂದ ನಡೀರಿ,” ಎಂದಳು. “ಹಿಂದ ಓಡಿ ಬಂದವ್ರು ನಿಂತಾರ.”