ಅರಕಲಗೂಡಿನ ಗಂಡು, ಅಮೆರಿಕದ ಕಾನೂನು

ಗಟ್ಟಿಯಾಗಿ ಓದದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ಬಿ.ಎ. ಪರೀಕ್ಷೆಗೆಂದು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವಾಗ ಬಸ್ಸಿನಲ್ಲೂ ಅಮೆರಿಕದ ಸಂವಿಧಾನವನ್ನು ಒದರುತ್ತಿದ್ದೆ: "ಅಧ್ಯಕ್ಷ ಬೇಡವೆಂದರೂ, ಎರಡೂ ಸಭೆಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಬೇಕೆಂದರೆ ಅದು ಕಾನೂನಾಗುತ್ತದೆ."

ಪಕ್ಕದ ಸೀಟಿನಲ್ಲಿದ್ದ ಹೆಂಗಸು ತಟ್ಟನೆ ತಮ್ಮ ಗಂಡ ಗೌಡರ ಕಡೆ ತಿರುಗಿದರು. "ಕೇಳುಸ್ಕಂಡ್ರಾ? ಅರಕಲಗೂಡಿನ ಗಂಡು ಬ್ಯಾಡ ಅನ್ನೋರು ನೀವೊಬ್ರೇ. ನಾನೂ ಮಗ್ಳೂ ಒಪ್ಕಂಡೀವಿ."

ಗೌಡರು ನನ್ನನ್ನು ದುರುಗುಟ್ಟಿ ನೋಡಿದರು. "ಅದ್ರ ಮ್ಯಾಲೆ ಕೋರ್ಟು ಗೀರ್ಟು ಇಲ್ವೇನಪ್ಪಾ?"

"ಇದೆ ಗೌಡ್ರೇ, ಸುಪ್ರೀಂ ಕೋರ್ಟು. ಅಲ್ಲಿನ ಜಡ್ಜುಗಳು ಬದುಕಿರೋವರೆಗೂ ಜಾಗ ಬಿಡಬೇಕಾಗಿಲ್ಲ."

"ಅಂಗಾರೆ ನಿಮ್ಮವ್ವನೇ ಜಡ್ಜು," ಎಂದರು ಹೆಂಡತಿ. "ಅವ್ರೂ ಒಪ್ಕಂಡವ್ರೆ."

ಇಡೀ ಬಸ್ಸು ನಕ್ಕಿತು. ಕೊನೆಗೆ ಗೌಡರೂ ನಕ್ಕು, "ಮದ್ವೆಗೆ ನೀನೂ ಬಂದ್ಬುಡು," ಎಂದರು.

ಪರೀಕ್ಷೆಯಲ್ಲಿ ಕೇಳಿದ್ದೆಲ್ಲ ಬ್ರಿಟನ್ನಿನ ಬಗ್ಗೆ. ಅಮೆರಿಕದಿಂದ ನನಗೆ ದಕ್ಕಿದ್ದು ಒಂದು ಮದುವೆ ಊಟ.